ಜಡಿಮಳೆಯ ಸೀಮೆಯಲ್ಲಿ ಮೈಚರ್ಮದ ಆರೈಕೆ

ಚರ್ಮದ ಆರೈಕೆಯ ಬಗ್ಗೆ ನಮ್ಮಲ್ಲಿ ಅಚ್ಚಾಗುವ ಬರಹಗಳು ಬಹುಪಾಲು ಮುಖದ ಸುತ್ತಲೇ ಗಿರಕಿ ಹೊಡೆಯುತ್ತವೆ. ಬೆಳಿಗ್ಗೆ ಇಂಥದ್ದು ಹಚ್ಚಿ, ರಾತ್ರಿ ಇಂಥದ್ದರಿಂದ ತೊಳೆಯಿರಿ ಎಂದು ಬರೆಯುವವರು ಜುಲೈ ತಿಂಗಳಲ್ಲಿ ಸಾಗರ ತಾಲ್ಲೂಕಿನ ಕಾರ್ಗಲ್ಲಿಗೆ ಬಂದು ಒಂದು ವಾರ ಉಳಿದುಕೊಂಡು ಹೋಗಬೇಕು. ಒಗೆದು ಹರವಿದ ಬಟ್ಟೆ ಮೂರು ದಿನವಾದರೂ ಕೈಗೆ ತಣ್ಣಗೆ ಹತ್ತುತ್ತದೆ. ಚಪ್ಪಲಿಯ ಪಟ್ಟಿಗೆ ಬೂಸಲು ಹಿಡಿದಿರುತ್ತದೆ. ಇಲ್ಲಿನವರಿಗೆ ಚರ್ಮದ ಕಾಟ ಶುರುವಾಗುವುದು ಕಾಲ್ಬೆರಳ ಸಂದಿಯಲ್ಲಿ, ಲಂಗದ ಲಾಡಿ ಕಟ್ಟುವ ಸೊಂಟದಲ್ಲಿ, ಒದ್ದೆ ಪ್ಯಾಂಟು ಉಜ್ಜುವ ತೊಡೆಸಂದಿಯಲ್ಲಿ. ಮುಖದ ಮಾತು ಆಮೇಲಿನದು.

ಲಿಂಗನಮಕ್ಕಿ ಅಣೆಕಟ್ಟೆ 1964ರಲ್ಲಿ ಮುಗಿದ ಮೇಲೆ ಶರಾವತಿ ಹಿನ್ನೀರು ಸಾಗರ, ಹೊಸನಗರ ತಾಲ್ಲೂಕುಗಳ ಒಳಗೆಲ್ಲ ಹರಡಿತು. ಅದರ ದಕ್ಷಿಣಕ್ಕೆ ತೀರ್ಥಹಳ್ಳಿ, ಆ ತಾಲ್ಲೂಕಿನ ಅಂಚಿಗೆ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಆಗುಂಬೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡೀ ಸೀಮೆ ನೀರಲ್ಲಿ ನೆನೆದಿರುತ್ತದೆ. ಅದೇ ಸೀಮೆ ಡಿಸೆಂಬರ್ ಹೊತ್ತಿಗೆ ತುಟಿ ಒಡೆಯುವ ಚಳಿಗೂ ಹಿಮ್ಮಡಿ ಸೀಳುವ ಒಣಗಾಳಿಗೂ ಸಿಕ್ಕುತ್ತದೆ. ಮಾರ್ಚ್ ಕಳೆದರೆ ಬೆವರುಸಾಲೆ. ಒಂದೇ ಮೈಗೆ ವರ್ಷದಲ್ಲಿ ಮೂರು ಬಗೆಯ ಹವೆ. ಆದ್ದರಿಂದ ಹನ್ನೆರಡು ತಿಂಗಳೂ ನಡೆಯುವ ಒಂದೇ ಚರ್ಮದ ದಿನಚರಿ ಈ ಊರುಗಳಿಗೆ ಒಗ್ಗುವುದಿಲ್ಲ ಎಂಬುದು ನನ್ನ ವಾದ. ಯಾವ ಕಾಲ, ಏನು ಕೆಲಸ ಎಂಬೆರಡನ್ನು ನೋಡಿ ಹೊಂದಿಸಿಕೊಂಡದ್ದು ಮಾತ್ರ ಹತ್ತಾರು ವರ್ಷ ಬಾಳುತ್ತದೆ. ಗೂಡಿನಲ್ಲಿ ಎಷ್ಟು ಬಾಟಲಿ ಇವೆ ಎಂಬುದಕ್ಕೆ ಇಲ್ಲಿ ಬೆಲೆ ಇಲ್ಲ.

ಇದು ಹೊಸ ಮಾತೂ ಅಲ್ಲ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯ ದಿನಚರ್ಯೆ, ಮೂರನೆಯದು ಋತುಚರ್ಯೆ. ದಿನವೂ ಎಣ್ಣೆ ಹಚ್ಚಿಕೊಳ್ಳಬೇಕು, ಅದರಲ್ಲೂ ತಲೆ, ಕಿವಿ, ಪಾದಗಳಿಗೆ ತಪ್ಪಿಸಬಾರದು ಎಂದು ಹೇಳುವ ಗ್ರಂಥವೇ ಕಫ ಹೆಚ್ಚಿದವರಿಗೆ, ಅಜೀರ್ಣವಾದವರಿಗೆ ಅದು ಬೇಡ ಎಂದೂ ಹೇಳುತ್ತದೆ. ಇಂದು ಆಯುರ್ವೇದದ ಹೆಸರಿನಲ್ಲಿ ಮಾರಾಟವಾಗುವ ಎಣ್ಣೆ, ಲೇಪಗಳ ಡಬ್ಬಿಯ ಮೇಲೆ ಮೊದಲನೆಯ ಮಾತು ಇರುತ್ತದೆ, ಎರಡನೆಯದು ಇರುವುದಿಲ್ಲ.

ಆಧುನಿಕ ಚರ್ಮವೈದ್ಯ ಹೇಳುವುದನ್ನು ಒಂದೆರಡು ಮಾತಿನಲ್ಲಿ ಮುಗಿಸಬಹುದು. ಚರ್ಮದ ಅತಿ ಮೇಲಿನ ಪದರ ಸತ್ತ ಜೀವಕೋಶಗಳದ್ದು. ಹಂಚಿನ ಮಾಡಿನಂತೆ ಒಂದರ ಮೇಲೊಂದು ಏರಿ ಕೂತಿರುತ್ತವೆ, ನಡುವೆ ಜಿಡ್ಡಿನ ಅಂಟು. ಒಳಗಿನ ನೀರು ಆರಿಹೋಗದಂತೆ, ಹೊರಗಿನ ಕ್ರಿಮಿ, ಕ್ಷಾರ ಒಳನುಗ್ಗದಂತೆ ಇದೇ ಕಾಯುವುದು. ಕೆಳಗೆ ಹುಟ್ಟಿದ ಜೀವಕೋಶ ಮೇಲೆ ಬಂದು ಉದುರಲು ಸುಮಾರು ನಾಲ್ಕು ವಾರ ಬೇಕು. ಮೂರು ದಿನದಲ್ಲಿ ಬಣ್ಣ ಬದಲಾಯಿಸುತ್ತೇನೆ ಎನ್ನುವ ಯಾವ ಮುಲಾಮನ್ನಾದರೂ ಸಂಶಯದಿಂದ ನೋಡಲು ಈ ಒಂದು ಲೆಕ್ಕ ಸಾಕು. ಆರೋಗ್ಯವಂತ ಚರ್ಮದ ಮೇಲ್ಮೈ ತುಸು ಆಮ್ಲೀಯ, ಪಿಎಚ್ ಐದರ ಆಸುಪಾಸು. ಸಾಬೂನಿನದು ಒಂಬತ್ತು, ಹತ್ತು. ದಿನಕ್ಕೆರಡು ಸಲ ಮೈಯೆಲ್ಲ ಸಾಬೂನು ತಿಕ್ಕಿದರೆ ಚರ್ಮ ತನ್ನ ಆಮ್ಲವನ್ನು ಮತ್ತೆ ಕೂಡಿಸಿಕೊಳ್ಳುವಷ್ಟರಲ್ಲಿ ಮುಂದಿನ ಸ್ನಾನ ಬಂದಿರುತ್ತದೆ.

ಹಾಗಾಗಿ ಮೊದಲು ಬಚ್ಚಲಿನ ಲೆಕ್ಕ ನೋಡಬೇಕು. ಮಲೆನಾಡಿನ ಸ್ನಾನ ಎಂದರೆ ಹಂಡೆಯ ನೀರಿನ ಸ್ನಾನ. ಬೆಳಗಿನ ಜಾವ ಒಲೆಗೆ ಕುಂಟೆ ತುರುಕಿದರೆ ಹೊತ್ತೇರುವವರೆಗೂ ನೀರು ಕುದಿಯುತ್ತಿರುತ್ತದೆ. ಬಯಲುಸೀಮೆಯಿಂದ ಬಂದ ನೆಂಟರು ಇಲ್ಲಿಯ ಬಚ್ಚಲಿಗೆ ಹೋಗಿ ಬೆಂದು ಬಂದೆವು ಎಂದು ದೂರುವುದು ಹಳೆಯ ತಮಾಷೆ. ಮಳೆಯಲ್ಲಿ ಗದ್ದೆ ಕೆಲಸ ಮಾಡಿ ಬಂದ ಮೈಗೆ ಆ ಬಿಸಿನೀರು ಸ್ವರ್ಗಸುಖ, ಅದನ್ನು ಬಿಡಿ ಎಂದು ಹೇಳುವ ಧೈರ್ಯ ನನಗಿಲ್ಲ. ಆದರೆ ಕುದಿಬಿಸಿ ನೀರು ಚರ್ಮದ ಜಿಡ್ಡನ್ನು ಕರಗಿಸಿ ಒಯ್ಯುತ್ತದೆ ಎಂಬುದು ನಿಜ. ಅರವತ್ತು ದಾಟಿದವರಿಗೆ ಚಳಿಗಾಲದಲ್ಲಿ ರಾತ್ರಿಯಿಡೀ ಮೊಣಕಾಲ ಕೆಳಗೆ ತುರಿಕೆ ಬರುತ್ತದಲ್ಲ, ಅದಕ್ಕೆ ರಕ್ತ ಕೆಟ್ಟಿದ್ದು ಕಾರಣ ಎಂದು ಕಷಾಯ ಕುಡಿಯುವ ಮೊದಲು ನೀರಿನ ಬಿಸಿ ತಗ್ಗಿಸಿ, ಸಾಬೂನನ್ನು ಕಂಕುಳು, ತೊಡೆಸಂದಿ, ಪಾದಗಳಿಗಷ್ಟೇ ಸೀಮಿತಗೊಳಿಸಿ ನೋಡಬೇಕು. ಮೈ ಒರೆಸಿ ಇನ್ನೂ ಪಸೆ ಇರುವಾಗಲೇ ಎಣ್ಣೆಯೋ ಪೆಟ್ರೋಲಿಯಂ ಜೆಲ್ಲಿಯೋ ಸವರಿದರೆ ಎಷ್ಟೋ ಜನರ ತುರಿಕೆ ವೈದ್ಯರವರೆಗೆ ಹೋಗದೆಯೇ ನಿಲ್ಲುವ ತರಹದ್ದು. ನೀರಾವಿ ತಪ್ಪಿಸಿಕೊಳ್ಳದಂತೆ ತಡೆಯುವುದರಲ್ಲಿ ಆ ಅಗ್ಗದ ಜೆಲ್ಲಿಯನ್ನು ಮೀರಿಸುವುದು ದುಬಾರಿ ಕ್ರೀಮುಗಳಿಗೂ ಕಷ್ಟ.

ಸಾಬೂನಿನ ಮಾತಿಗೆ ಬಂದರೆ ಕನ್ನಡಿಗರಿಗೆ ಒಂದು ಹೆಮ್ಮೆಯ ಕಥೆ ಇದೆ. ಮೊದಲನೇ ಮಹಾಯುದ್ಧದಿಂದ ಗಂಧದ ಮರದ ರಫ್ತು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1916ರಲ್ಲಿ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ಶುರುವಾಯಿತು. ಎರಡು ವರ್ಷದಲ್ಲಿ ಬೆಂಗಳೂರಿನಲ್ಲಿ ಸಾಬೂನು ಬಂತು. ಅದರ ಹಿಂದಿದ್ದ ರಸಾಯನಜ್ಞ ಸೋಸಲೆ ಗರಳಪುರಿ ಶಾಸ್ತ್ರಿ. ಮಲೆನಾಡಿನ ಗಂಧಕ್ಕಾಗಿ 1944ರಲ್ಲಿ ಶಿವಮೊಗ್ಗದಲ್ಲಿಯೂ ಎಣ್ಣೆ ಕಾರ್ಖಾನೆ ಎದ್ದಿತು. ಹೆಮ್ಮೆ ಸರಿ, ಬಳಕೆದಾರ ಮಾತ್ರ ಹೊದಿಕೆಯ ಮೇಲಿನ ಸಣ್ಣ ಅಕ್ಷರ ಓದಬೇಕು. ಟಿಎಫ್‌ಎಂ ಎಂದು ಬರೆದಿರುವುದು ಸಾಬೂನಿನಲ್ಲಿರುವ ಒಟ್ಟು ಕೊಬ್ಬಿನಂಶ. ಭಾರತೀಯ ಮಾನಕದ ಪ್ರಕಾರ ಶೇ. 76 ಅಥವಾ ಮೇಲಿದ್ದರೆ ಒಂದನೇ ದರ್ಜೆ, 70 ಇದ್ದರೆ ಎರಡು, 60 ಇದ್ದರೆ ಮೂರು. ಅದಕ್ಕಿಂತ ಕಡಿಮೆಯವು ‘ಬೇದಿಂಗ್ ಬಾರ್’ ಎಂಬ ಹೆಸರಿನಲ್ಲಿ ಮಾರಾಟವಾಗುತ್ತವೆ. ಹಾಗೆಂದ ಮಾತ್ರಕ್ಕೆ ಒಂದನೇ ದರ್ಜೆಯ ಸಾಬೂನು ಚರ್ಮಕ್ಕೆ ಮೃದು ಎಂದೇನಲ್ಲ, ಅದೂ ಕ್ಷಾರವೇ. ಇಸಬು ಇರುವ ಮಗುವಿಗೆ ಯಾವ ಸಾಬೂನು ಎಂದು ಕೇಳಿದರೆ ಚರ್ಮವೈದ್ಯರು ಪಿಎಚ್ ಕಡಿಮೆ ಇರುವ, ಸಾಬೂನಲ್ಲದ ಬಿಲ್ಲೆಯನ್ನೇ ಹೇಳುತ್ತಾರೆ. ಸೀಗೆಪುಡಿ ಈ ವಿಷಯದಲ್ಲಿ ಜಾಣ. ನೊರೆ ಕಡಿಮೆ, ಕಣ್ಣಿಗೆ ಬಿದ್ದರೆ ಉರಿ ಜಾಸ್ತಿ, ಆದರೆ ಸಾಬೂನಿನಷ್ಟು ಕ್ಷಾರ ಅದರಲ್ಲಿಲ್ಲ. ಎಣ್ಣೆಸ್ನಾನದ ದಿನ ಹೆಸರುಹಿಟ್ಟು, ಕಡಲೆಹಿಟ್ಟು ಹಚ್ಚುತ್ತಿದ್ದ ಅಜ್ಜಿಯರು ಪಿಎಚ್ ಅಳೆದವರಲ್ಲ, ಆದರೂ ತಪ್ಪು ಮಾಡಿರಲಿಲ್ಲ.

ಮನೆಮದ್ದುಗಳನ್ನೆಲ್ಲ ಒಂದೇ ಗಂಟು ಕಟ್ಟಿ ಹೊಗಳುವುದೂ, ಅದೇ ಗಂಟು ಎತ್ತಿ ಹೊರಗೆ ಎಸೆಯುವುದೂ ನನಗೆ ಹಿಡಿಸದ ಚಾಳಿ. ಒಂದೊಂದನ್ನೇ ಬಿಡಿಸಿ ನೋಡೋಣ. ಮುರುಗಲು ಹಣ್ಣಿನ ಸಿಪ್ಪೆ ಸಾರಿಗೆ, ಬೀಜದ ಕೊಬ್ಬು ಒಡೆದ ಹಿಮ್ಮಡಿಗೆ. ಇದು ಸಾಗರ, ಹೊಸನಗರ ಕಡೆಯ ಹಳೆಯ ಪದ್ಧತಿ. ಮುರುಗಲ ತುಪ್ಪದಲ್ಲಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲಗಳೇ ಮುಖ್ಯ. ಚಳಿಯಲ್ಲಿ ಕಲ್ಲಿನಂತೆ ಗಟ್ಟಿಯಾಗಿರುವ ಅದು ಚರ್ಮದ ಬಿಸಿಗೆ ತುಸು ಹೆಚ್ಚು ಬಿಸಿ ತಾಗಿದರೆ ಕರಗುತ್ತದೆ, ಬಿರುಕಿನೊಳಗೆ ಇಳಿದು ಮತ್ತೆ ಹೆಪ್ಪುಗಟ್ಟಿ ಕೂರುತ್ತದೆ. ಹಿಮ್ಮಡಿಗೆ ಇದಕ್ಕಿಂತ ಒಳ್ಳೆಯದನ್ನು ಹುಡುಕಿಕೊಂಡು ಪೇಟೆಗೆ ಹೋಗಬೇಕಿಲ್ಲ. ಇಂದು ಇದೇ ಕೊಬ್ಬು ‘ಕೋಕಂ ಬಟರ್’ ಎಂಬ ಹೆಸರಿನಲ್ಲಿ ನಗರದ ಕ್ರೀಮುಗಳ ಒಳಗೆ ಸೇರಿ ಹಲವು ಪಟ್ಟು ಬೆಲೆಗೆ ವಾಪಸು ಬರುತ್ತಿದೆ. ಒಂದೆಲಗದ ಕಥೆ ಇನ್ನೂ ಚೆಂದ. ನಾವು ತಂಬುಳಿ ಮಾಡಿ ಉಣ್ಣುವ ಈ ಸೊಪ್ಪಿನ ಸಾರವನ್ನು ಕೊರಿಯಾ ದೇಶದ ಕಂಪನಿಗಳು ‘ಸಿಕಾ’ ಕ್ರೀಮು ಎಂದು ಜಗತ್ತಿಗೆಲ್ಲ ಮಾರುತ್ತಿವೆ. ಅದರಲ್ಲಿರುವ ಏಷಿಯಾಟಿಕೋಸೈಡ್, ಮಡೆಕಾಸೋಸೈಡ್‌ಗಳಿಗೆ ಗಾಯ ಮಾಯಿಸುವ ಗುಣ ಇದೆ ಎಂಬುದಕ್ಕೆ ಪ್ರಯೋಗಗಳ ಆಧಾರ ಉಂಟು. ತಂಬುಳಿ ಉಂಡರೆ ಮುಖ ಹೊಳೆಯುತ್ತದೆ ಎಂಬುದಕ್ಕೆ ಆಧಾರವಿಲ್ಲ, ಊಟ ಮಾತ್ರ ರುಚಿಯಾಗುತ್ತದೆ.

ಕೊಬ್ಬರಿ ಎಣ್ಣೆ ಒಣಚರ್ಮಕ್ಕೂ ಸೌಮ್ಯ ಇಸಬಿಗೂ ಒಳ್ಳೆಯದೆಂದು ಫಿಲಿಪ್ಪೀನ್ಸಿನ ಮಕ್ಕಳ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿದೆ. ಅದೇ ಎಣ್ಣೆ ತಲೆಯಿಂದ ಹಣೆಗೆ ಇಳಿದರೆ ಮೊಡವೆ. ಬೆವರುವ ಕಾಲದಲ್ಲಿ ಎದೆ, ಬೆನ್ನಿಗೆ ಹಚ್ಚಿಕೊಂಡರೆ ಸಿಬ್ಬು. ಸಿಬ್ಬಿಗೆ ಕಾರಣವಾದ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಹೈಸ್ಕೂಲು ಹುಡುಗಿಯರ ಹಣೆಯಂಚಿನ ಸಣ್ಣ ಗುಳ್ಳೆಗಳಿಗೆ ಎಷ್ಟೋ ಸಲ ಎರಡು ಜಡೆಯ ಎಣ್ಣೆಯೇ ಕಾರಣ. ನಿಂಬೆ, ಕಂಚಿ ರಸವನ್ನು ಮುಖಕ್ಕೆ ಹಚ್ಚಿ ಬಿಸಿಲಿಗೆ ಹೋಗುವುದಂತೂ ಕೂಡದು. ಆ ಸಿಪ್ಪೆಯ ರಸದಲ್ಲಿರುವ ವಸ್ತು ಬಿಸಿಲು ತಾಗಿದಾಗ ಚರ್ಮವನ್ನು ಸುಡುತ್ತದೆ, ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅರಿಶಿನ ಕೆಲವರಿಗೆ, ಬಣ್ಣ ಬೆರೆಸಿದ ಕುಂಕುಮ ಇನ್ನೂ ಹಲವರಿಗೆ ಅಲರ್ಜಿ. ಹಣೆಗೆ ಅಂಟಿಸುವ ಬಿಂದಿಯ ಗೋಂದಿನಲ್ಲಿ ಬಳಸುವ ಒಂದು ರಾಸಾಯನಿಕದಿಂದ ಅದೇ ಅಳತೆಯ ಬಿಳಿಮಚ್ಚೆ ಬೀಳುವುದನ್ನು ವೈದ್ಯರು ಬಹಳ ಹಿಂದೆಯೇ ಗುರುತಿಸಿದ್ದಾರೆ. ಬಾಣಂತಿ ಮನೆಯ ಕೂಸಿನ ಬಗ್ಗೆ ಒಂದು ಮಾತು: ಹುಟ್ಟಿದ ಮೊದಲ 24 ಗಂಟೆ ಮಗುವಿಗೆ ಸ್ನಾನ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ.

ಈಗ ಮಳೆಗಾಲದ ಮುಖ್ಯ ಶತ್ರುವಿಗೆ ಬರೋಣ. ಹುಳಕಡ್ಡಿ ಎನ್ನಿ, ಗಜಕರ್ಣ ಎನ್ನಿ, ಸುತ್ತಲೂ ಕೆಂಪು ಅಂಚು, ನಡುವೆ ತಿಳಿಯಾದ ಉಂಗುರ, ತಡೆಯಲಾರದ ತುರಿಕೆ. ಹಿಂದೆ ಇದು ಒಂದು ಮುಲಾಮಿಗೆ ಎರಡು ವಾರದಲ್ಲಿ ಮಾಯವಾಗುತ್ತಿತ್ತು. ಕಳೆದ ಹತ್ತು ಹದಿನೈದು ವರ್ಷಗಳಿಂದ ಭಾರತದಲ್ಲೆಲ್ಲ ಅದು ಹಟಮಾರಿಯಾಗಿದೆ. ಟರ್ಬಿನಾಫಿನ್ ಔಷಧಕ್ಕೆ ಬಗ್ಗದ ಒಂದು ಶಿಲೀಂಧ್ರವನ್ನು 2020ರಲ್ಲಿ ಜಪಾನಿನ ವಿಜ್ಞಾನಿಗಳು ಭಾರತ ಮತ್ತು ನೇಪಾಳದಿಂದ ಬಂದ ರೋಗಿಗಳಲ್ಲಿ ಗುರುತಿಸಿ ಹೊಸ ಹೆಸರಿಟ್ಟರು: ಟ್ರೈಕೋಫೈಟಾನ್ ಇಂಡೋಟಿನಿಯೆ. ಹೆಸರಿನಲ್ಲೇ ನಮ್ಮ ದೇಶ ಕೂತಿದೆ. 2023ರ ಹೊತ್ತಿಗೆ ಅದು ನ್ಯೂಯಾರ್ಕಿನಲ್ಲೂ ಕಾಣಿಸಿಕೊಂಡಿತು.

ಇದು ಹೀಗೆ ಹಟ ಹಿಡಿದದ್ದಕ್ಕೆ ಮಳೆಯೊಂದನ್ನೇ ದೂರಿದರೆ ತಪ್ಪು. ಯಾವ ಪೇಟೆಯಲ್ಲಾದರೂ ನೋಡಿ, “ತುರಿಕೆಗೆ ಒಂದು ಮುಲಾಮು ಕೊಡಿ” ಎಂದರೆ ಚೀಟಿ ಕೇಳದೆ ಕೈಗೆ ಬರುವ ಟ್ಯೂಬು ಹೆಚ್ಚಾಗಿ ಮೂರು ಔಷಧಗಳ ಮಿಶ್ರಣ: ಒಂದು ಶಿಲೀಂಧ್ರನಾಶಕ, ಒಂದು ಪ್ರತಿಜೈವಿಕ, ಜತೆಗೆ ಕ್ಲೋಬೆಟಸಾಲ್ ಅಥವಾ ಬೀಟಾಮೆಥಸೋನ್ ಎಂಬ ಪ್ರಬಲ ಸ್ಟಿರಾಯ್ಡ್. ಹಚ್ಚಿದ ರಾತ್ರಿಯೇ ತುರಿಕೆ ನಿಲ್ಲುತ್ತದೆ. ನಿಲ್ಲುವುದು ಸ್ಟಿರಾಯ್ಡಿನಿಂದ. ಆ ಸ್ಟಿರಾಯ್ಡ್ ಚರ್ಮದ ರೋಗನಿರೋಧಕ ಶಕ್ತಿಯನ್ನೂ ಮಲಗಿಸುವುದರಿಂದ ಶಿಲೀಂಧ್ರ ಸದ್ದಿಲ್ಲದೆ ಹರಡುತ್ತದೆ, ಉಂಗುರದ ಅಂಚು ಅಳಿಸಿಹೋಗಿ ರೋಗದ ಚಹರೆಯೇ ಬದಲಾಗುತ್ತದೆ. ಟ್ಯೂಬು ಮುಗಿದ ವಾರಕ್ಕೆ ಎರಡರಷ್ಟು ಜಾಗದಲ್ಲಿ ವಾಪಸು. ಮತ್ತೆ ಅದೇ ಟ್ಯೂಬು. ತಿಂಗಳುಗಟ್ಟಲೆ ಹೀಗೆ ನಡೆದರೆ ತೊಡೆಸಂದಿಯ ಚರ್ಮ ತೆಳುವಾಗಿ ಬಾಣಂತಿಯ ಹೊಟ್ಟೆಯ ಮೇಲಿರುವಂಥ ಗೆರೆಗಳು ಬೀಳುತ್ತವೆ. ಆ ಗೆರೆಗಳು ಮತ್ತೆ ಹೋಗುವುದಿಲ್ಲ.

ಮುಖಕ್ಕೆ ಇದೇ ಸ್ಟಿರಾಯ್ಡನ್ನು ಬಿಳುಪಿನ ಕ್ರೀಮಿನ ವೇಷದಲ್ಲಿ ಹಚ್ಚಿಕೊಳ್ಳುವವರ ಪಾಡು ಬೇರೆ. ದೇಶದ 12 ಕೇಂದ್ರಗಳ ಚರ್ಮವೈದ್ಯರು ಸೇರಿ ಮಾಡಿ 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಖದ ತೊಂದರೆಯಿಂದ ಬಂದ 2926 ಜನರಲ್ಲಿ 433 ಮಂದಿ ಸ್ಟಿರಾಯ್ಡ್ ಕ್ರೀಮು ಬಳಸುತ್ತಿದ್ದರು. ಮೊದಲು ಮುಖ ತಿಳಿಯಾಗುತ್ತದೆ, ಆಮೇಲೆ ಕೆಂಪಾಗುತ್ತದೆ, ಮೊಡವೆ ಏಳುತ್ತದೆ, ಕೂದಲು ಮೊಳೆಯುತ್ತದೆ, ಬಿಟ್ಟರೆ ಉರಿ. ಬಿಡಲಾರದ್ದರಿಂದ ಮತ್ತೆ ಹಚ್ಚುತ್ತಾರೆ. ಚರ್ಮವೈದ್ಯರ ಸಂಘದ ಒತ್ತಾಯದ ಮೇಲೆ ಕೇಂದ್ರ ಸರ್ಕಾರ 2018ರಲ್ಲಿ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳನ್ನು ಷೆಡ್ಯೂಲ್ ಎಚ್‌ಗೆ ಸೇರಿಸಿ, ವೈದ್ಯರ ಚೀಟಿ ಇಲ್ಲದೆ ಮಾರಬಾರದು ಎಂದಿತು. ನಿಯಮ ಪುಸ್ತಕದಲ್ಲಿದೆ, ಟ್ಯೂಬು ಅಂಗಡಿಯ ಮುಂದಿನ ಸಾಲಿನಲ್ಲಿದೆ. ಕಾರ್ಗಲ್, ತೀರ್ಥಹಳ್ಳಿ ಮಾತ್ರವಲ್ಲ, ಇಡೀ ದೇಶದಲ್ಲಿ ಚರ್ಮದ ದೀರ್ಘಕಾಲದ ಆರೋಗ್ಯಕ್ಕೆ ಇದಕ್ಕಿಂತ ದೊಡ್ಡ ಅಡ್ಡಿ ನನಗೆ ಕಾಣುತ್ತಿಲ್ಲ. ಟ್ಯೂಬಿನ ಮೇಲೆ ‘-ಸಾಲ್’, ‘-ಸೋನ್’ ಎಂದು ಮುಗಿಯುವ ಹೆಸರಿದ್ದರೆ ಕೊಳ್ಳುವ ಮುನ್ನ ಒಮ್ಮೆ ನಿಂತು ವೈದ್ಯರನ್ನು ಕೇಳಿ.

ಹುಳಕಡ್ಡಿಗೆ ದಾರಿ ಉದ್ದ. ವೈದ್ಯರು ಕೊಟ್ಟ ಔಷಧವನ್ನು ಕಲೆ ಮಾಸಿದ ಮೇಲೂ ಅವರು ಹೇಳಿದಷ್ಟು ವಾರ ಮುಂದುವರಿಸಬೇಕು, ಮನೆಯಲ್ಲಿ ತುರಿಸಿಕೊಳ್ಳುವವರಿಗೆಲ್ಲ ಒಟ್ಟಿಗೆ ಚಿಕಿತ್ಸೆ ಆಗಬೇಕು, ಟವೆಲ್ಲು ಒಬ್ಬೊಬ್ಬರಿಗೆ ಬೇರೆ. ಮಲೆನಾಡಿನಲ್ಲಿ ಎಲ್ಲಕ್ಕಿಂತ ಕಷ್ಟದ್ದು ಒಣ ಬಟ್ಟೆ. ಬಿಸಿಲೇ ಇಲ್ಲದ ಆಷಾಢದಲ್ಲಿ ಬಟ್ಟೆಯನ್ನು ಬಿಸಿಲಲ್ಲಿ ಒಣಗಿಸಿ ಎಂದು ಬರೆದುಕೊಡುವ ವೈದ್ಯರಿಗೆ ಏನು ಹೇಳುವುದು? ಬಚ್ಚಲ ಒಲೆಯ ಮೇಲೆ ಬಿದಿರು ಗಳ ಕಟ್ಟಿ ಬಟ್ಟೆ ಹರವುತ್ತಿದ್ದ ಹಳೆಯ ಮನೆಗಳು ಈ ಸಮಸ್ಯೆಯನ್ನು ತಮ್ಮದೇ ರೀತಿ ಬಿಡಿಸಿಕೊಂಡಿದ್ದವು. ಗ್ಯಾಸ್ ಗೀಸರ್ ಬಂದ ಮನೆಗಳಲ್ಲಿ ಆ ಗಳವೂ ಹೋಯಿತು. ಈಗ ಉಳಿದದ್ದು ಇಸ್ತ್ರಿಪೆಟ್ಟಿಗೆ. ಒಳಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಇಸ್ತ್ರಿ ಹಾಕಿದರೆ ಪಸೆಯೂ ಹೋಗುತ್ತದೆ, ಬೀಜಾಣುಗಳಿಗೂ ಬಿಸಿ ತಾಗುತ್ತದೆ. ಕಂಬಳಿಕೊಪ್ಪೆ ಹಾಕಿದವರ ಮೈಗೆ ಗಾಳಿ ಆಡುತ್ತಿತ್ತು, ಪ್ಲಾಸ್ಟಿಕ್ ರೇನ್‌ಕೋಟಿನೊಳಗೆ ಹೊರಗಿನ ಮಳೆ ನಿಂತರೂ ಒಳಗಿನ ಬೆವರು ನಿಲ್ಲುವುದಿಲ್ಲ. ಗಂಬೂಟು ಹಾಕಿ ತೋಟದಿಂದ ಬಂದವರು ಕಾಲು ತೊಳೆದರಷ್ಟೇ ಸಾಲದು, ಬೆರಳ ಸಂದಿ ಒಂದೊಂದನ್ನೂ ಹತ್ತಿಬಟ್ಟೆಯಲ್ಲಿ ಒತ್ತಿ ಒರೆಸಬೇಕು. ಸಕ್ಕರೆ ಕಾಯಿಲೆ ಇದ್ದವರಿಗೆ ಇದು ಕಾಲು ಉಳಿಸಿಕೊಳ್ಳುವ ಪ್ರಶ್ನೆ. ಸಂದಿಯ ಸಣ್ಣ ಬಿರುಕಿನಿಂದಲೇ ಕೀವು ಮೊಣಕಾಲವರೆಗೆ ಏರುತ್ತದೆ.

ಮಳೆ ಹಿಂತೆಗೆದರೆ ಕೊಯ್ಲು, ಅಂಗಳದಲ್ಲಿ ಅಡಿಕೆ, ಬಿಸಿಲು. ಬಿಸಿಲಿನ ಬಗ್ಗೆ ಎರಡು ಅತಿರೇಕಗಳಿವೆ. ನಮ್ಮದು ಕಪ್ಪು ಮೈ, ಸನ್‌ಸ್ಕ್ರೀನು ಬಿಳಿಯರಿಗೆ ಎನ್ನುವುದು ಒಂದು. ಕಿಟಕಿ ಪಕ್ಕ ಕೂತರೂ ಮೂರು ಗಂಟೆಗೊಮ್ಮೆ ಹಚ್ಚಿ ಎನ್ನುವುದು ಇನ್ನೊಂದು. ಆಸ್ಟ್ರೇಲಿಯಾದ ನಂಬೂರ್ ಎಂಬ ಊರಿನಲ್ಲಿ 1992ರಿಂದ ನಾಲ್ಕೂವರೆ ವರ್ಷ ನಡೆದ ಪ್ರಯೋಗದಲ್ಲಿ ದಿನವೂ ಸನ್‌ಸ್ಕ್ರೀನ್ ಹಚ್ಚಿದವರ ಚರ್ಮ, ಮನಸ್ಸು ಬಂದಾಗ ಹಚ್ಚಿದವರಿಗಿಂತ ಶೇ. 24ರಷ್ಟು ಕಡಿಮೆ ಮುಪ್ಪಾಗಿತ್ತು. ಆದರೆ ಅವರು ಬಿಳಿಯ ಮೈಯವರು. ನಮ್ಮ ಮೈಯಲ್ಲಿರುವ ಮೆಲನಿನ್ ಸುಡುಗಾಯ, ಕ್ಯಾನ್ಸರುಗಳಿಂದ ಸಾಕಷ್ಟು ಕಾಯುತ್ತದೆ. ನಮ್ಮ ಕಷ್ಟ ಬಣ್ಣದ್ದು: ಕೆನ್ನೆಯ ಮೇಲಿನ ಬಂಗು, ಮೊಡವೆ ಒಣಗಿದ ಜಾಗದ ಕಪ್ಪು ಕಲೆ. ಬಸಿರಿನಲ್ಲಿ ಶುರುವಾದ ಬಂಗು ಬಿಸಿಲಿನಿಂದ ಗಾಢವಾಗುತ್ತದೆ. ಕಣ್ಣಿಗೆ ಕಾಣುವ ಬೆಳಕೂ ಅದನ್ನು ಹೆಚ್ಚಿಸುವುದರಿಂದ ಬಂಗು ಇರುವವರಿಗೆ ಐರನ್ ಆಕ್ಸೈಡ್ ಬೆರೆತ, ಮೈಬಣ್ಣದ ಸನ್‌ಸ್ಕ್ರೀನ್ ಹೆಚ್ಚು ಸರಿ. ಎಸ್‌ಪಿಎಫ್ 15 ಸುಡುವ ಕಿರಣಗಳಲ್ಲಿ ಸುಮಾರು ಶೇ. 93, 30 ಆದರೆ ಶೇ. 97, 50 ಆದರೆ ಶೇ. 98 ತಡೆಯುತ್ತದೆ; ಮೂವತ್ತರ ಮೇಲಿನ ಪೈಪೋಟಿ ಒಂದು ಅಂಕಿಗಾಗಿ. ಹಚ್ಚುವ ಪ್ರಮಾಣ ಅದಕ್ಕಿಂತ ಮುಖ್ಯ. ಮುಖ, ಕುತ್ತಿಗೆಗೆ ಎರಡು ಬೆರಳುದ್ದ ಬೇಕು. ದಿನಕ್ಕೊಂದು ಗ್ರಾಂ ಎಂದರೂ 50 ಗ್ರಾಂ ಟ್ಯೂಬು ಐವತ್ತು ದಿನಕ್ಕೆ ಖಾಲಿ. ಆರು ತಿಂಗಳು ಬಂತು ಎಂದರೆ ಹಚ್ಚಿದ್ದು ಹೆಸರಿಗಷ್ಟೇ. ಈ ಖರ್ಚು ಎಲ್ಲರಿಗೂ ಆಗದು. ಅಡಿಕೆ ಹರವುವವರಿಗೆ, ಗದ್ದೆಯವರಿಗೆ ಅಗಲ ಅಂಚಿನ ಟೊಪ್ಪಿ, ತುಂಬುತೋಳಿನ ಅಂಗಿಯೇ ಮೊದಲ ಸನ್‌ಸ್ಕ್ರೀನು. ನಮ್ಮ ಹಾಳೆಟೊಪ್ಪಿ ನೆತ್ತಿ ಕಾಯುತ್ತದೆ, ಅಂಚಿಲ್ಲದ್ದರಿಂದ ಕೆನ್ನೆ ಕಾಯುವುದಿಲ್ಲ. ಜುಲೈಯಲ್ಲಿ ಮನೆಯೊಳಗೇ ಇರುವ, ಬಂಗು ಇಲ್ಲದವರು ಸನ್‌ಸ್ಕ್ರೀನು ಹಚ್ಚದಿದ್ದರೆ ಏನೂ ಮುಳುಗಿಹೋಗುವುದಿಲ್ಲ.

ಬಣ್ಣದ ಆಸೆಯನ್ನು ಮುಟ್ಟದೆ ಈ ವಿಷಯ ಮುಗಿಯದು. 1975ರಲ್ಲಿ ಮಾರುಕಟ್ಟೆಗೆ ಬಂದ ಪ್ರಸಿದ್ಧ ಬಿಳುಪಿನ ಕ್ರೀಮು 2020ರಲ್ಲಿ ಹೆಸರಿನಿಂದ ‘ಫೇರ್’ ಎಂಬ ಪದ ತೆಗೆಯಿತು, ಆಸೆ ಹೋಗಲಿಲ್ಲ. ಹೆಸರಿಲ್ಲದ ಡಬ್ಬಿಗಳಲ್ಲಿ ಬರುವ ಕ್ರೀಮುಗಳು ಇನ್ನೂ ಅಪಾಯ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯ ಕೋಟಕ್ಕಲ್‌ನ ವೈದ್ಯರು ಅಪರೂಪದ ಒಂದು ಮೂತ್ರಪಿಂಡದ ಕಾಯಿಲೆಯ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಪಾದರಸ ತುಂಬಿದ ಬಿಳುಪಿನ ಕ್ರೀಮು. ಪಾದರಸ ಮೆಲನಿನ್ ತಯಾರಾಗುವುದನ್ನು ತಡೆಯುತ್ತದೆ, ಚರ್ಮದ ಮೂಲಕ ಇಳಿದು ಮೂತ್ರಪಿಂಡವನ್ನು ಕೆಡಿಸುತ್ತದೆ. ತಯಾರಕರ ವಿಳಾಸ, ಪರವಾನಗಿ ಸಂಖ್ಯೆ ಇಲ್ಲದ ಡಬ್ಬಿ ಮನೆಯಲ್ಲಿದ್ದರೆ ಇವತ್ತೇ ಬಿಸಾಡಿ. ಬಣ್ಣದಾಚೆ ಸುಕ್ಕಿನ ಚಿಂತೆಯೂ ಇದೆ. ಅದನ್ನು ಇಳಿಸುವುದರಲ್ಲಿ ಗಟ್ಟಿ ಆಧಾರವಿರುವುದು ರೆಟಿನಾಯ್ಡ್‌ಗಳಿಗೆ, ಟ್ರೆಟಿನಾಯಿನ್ ಮೇಲಿನ ಕೆಲಸ 1980ರ ದಶಕದಿಂದಲೂ ನಡೆದಿದೆ. ಬಸುರಿಯರು ಅದನ್ನು ಮುಟ್ಟಬಾರದು, ಉಳಿದವರೂ ವೈದ್ಯರನ್ನು ಕೇಳಿಯೇ. ಸೀರಮ್ಮುಗಳ ಉಳಿದ ಸಾಲಿಗೆ ಇಲ್ಲಿ ಜಾಗ ಕೊಡುವುದಿಲ್ಲ.

ಕೆಲಸದಿಂದ ಬರುವ ಚರ್ಮದ ತೊಂದರೆಗಳಿಗೆ ಸೌಂದರ್ಯದ ಪುಟಗಳಲ್ಲಿ ಜಾಗವೇ ಇಲ್ಲ, ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ ಅವೇ ಮುಖ್ಯ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮಿಶ್ರಣದಲ್ಲಿ ಮೈಲುತುತ್ತ ಮತ್ತು ಸುಣ್ಣ. ಮರದ ಮೇಲಿಂದ ಅದು ಕೊನೆಗಾರನ ಕತ್ತು, ತೋಳುಗಳ ಮೇಲೆ ಇಳಿಯುತ್ತದೆ. ಬೇಯಿಸಿದ ಅಡಿಕೆಯ ಚೊಗರು ಕೈಗೆ ಹತ್ತಿದರೆ ವಾರಗಟ್ಟಲೆ ಹೋಗದು. ಅದನ್ನು ತೆಗೆಯಲು ತಿಕ್ಕುವ ಕಲ್ಲು, ಬಟ್ಟೆಸೋಪು ಚೊಗರಿಗಿಂತ ಹೆಚ್ಚು ಕೆಡುಕು ಮಾಡುತ್ತವೆ. ಕಾಡಿನ ಹೊಲಗೇರು ಮರದ ಹಾಲು ತಾಗಿದರೆ ಬೊಕ್ಕೆ ಏಳುತ್ತದೆ. ಮಾವು, ಗೇರು, ಹೊಲಗೇರು ಮೂರೂ ಒಂದೇ ಸಸ್ಯಕುಟುಂಬದವು. ಅಪ್ಪೆಮಿಡಿ ಕೊಯ್ಯುವಾಗ ಚಿಮ್ಮುವ ಸೊನೆ ಉಪ್ಪಿನಕಾಯಿಗೆ ಪರಿಮಳ, ತುಟಿಯಂಚಿಗೆ ಸುಟ್ಟಗಾಯ. ಸೊನೆ ತಾಗಿದ ಕೆಲವೇ ನಿಮಿಷಗಳಲ್ಲಿ ಸಾಬೂನು ನೀರಿನಿಂದ ತೊಳೆದರೆ ಬಹಳಷ್ಟು ತಪ್ಪುತ್ತದೆ. ಹಾಗಾಗಿ ತೋಟಕ್ಕೆ ಹೋಗುವಾಗ ಒಂದು ತುಂಡು ಸಾಬೂನು ಜೇಬಿನಲ್ಲಿರಲಿ.

ಇನ್ನೊಂದು ಲೇಪವಂತೂ ಇಲ್ಲಿಯದೇ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ, 2018ರ ಕೊನೆಗೆ ಕಾರ್ಗಲ್ಲಿನ ನೆರೆಯ ಅರಳಗೋಡು ಪಂಚಾಯಿತಿಯಲ್ಲಿ ಹೊಮ್ಮಿ ಜೀವಗಳನ್ನು ತೆಗೆದುಕೊಂಡಿತು. ಹರಡುವುದು ಉಣುಗಿನಿಂದ. ಡಿಸೆಂಬರಿನಿಂದ ಮಳೆ ಬೀಳುವವರೆಗೆ ಸೊಪ್ಪಿನಬೆಟ್ಟಕ್ಕೆ, ದರಗೆಲೆಗೆ ಹೋಗುವವರಿಗೆ ಆರೋಗ್ಯ ಇಲಾಖೆ ಉಣುಗು ಕಚ್ಚದಂತೆ ಹಚ್ಚಿಕೊಳ್ಳಲು ಮೊದಲು ಡಿಎಂಪಿ ಎಣ್ಣೆಯನ್ನು, ಈಚೆಗೆ ರಕ್ಷಣಾ ಸಂಶೋಧನಾ ಸಂಸ್ಥೆ ರೂಪಿಸಿದ ಡೇಪಾ ಎಣ್ಣೆಯನ್ನು ಹಂಚುತ್ತಿದೆ. ಜಿಡ್ಡು, ವಾಸನೆ ಎಂದು ಬಾಟಲಿಯನ್ನು ಕಪಾಟಿನಲ್ಲಿಡುವ ಜನ, ಅದೇ ಕೈಯಲ್ಲಿ ಮುಖಕ್ಕೆ ಕ್ರೀಮು ಹಚ್ಚಿಕೊಂಡು ಹೊರಡುತ್ತಾರೆ. ಎರಡೂ ಬೇಕಿದ್ದರೆ ಸನ್‌ಸ್ಕ್ರೀನು ಮೊದಲು, ಅದು ಆರಿದ ಮೇಲೆ ಉಣುಗಿನ ಎಣ್ಣೆ. ಕಾಡಿನಿಂದ ಬಂದ ಕೂಡಲೇ ಬಿಸಿನೀರು, ಸಾಬೂನಿನ ಸ್ನಾನ, ಬಟ್ಟೆಯೂ ಬಿಸಿನೀರಿಗೆ. ಮೇಲೆ ಸಾಬೂನಿನ ಬಗ್ಗೆ ನಾನು ಹೇಳಿದ ಮಿತಿ ಈ ಸ್ನಾನಕ್ಕೆ ಅನ್ವಯಿಸುವುದಿಲ್ಲ.

ಹಾಗಾದರೆ ದಿನಚರಿ ಎಂದು ಏನು ಇಟ್ಟುಕೊಳ್ಳುವುದು? ಮಳೆಗಾಲದಲ್ಲಿ ಒಣಗಿಸುವುದೇ ಆರೈಕೆ. ಎಣ್ಣೆ, ಕ್ರೀಮು ಕೈಕಾಲಿಗೆ ಸ್ವಲ್ಪ, ಸಂದಿಗಳಿಗೆ ಏನೂ ಇಲ್ಲ. ಚಳಿಯಲ್ಲಿ ಸ್ನಾನದ ಬೆನ್ನಿಗೇ ಎಣ್ಣೆ ಅಥವಾ ಜೆಲ್ಲಿ, ರಾತ್ರಿ ಹಿಮ್ಮಡಿಗೆ ಮುರುಗಲ ತುಪ್ಪ ಹಚ್ಚಿ ಹಳೇ ಕಾಲುಚೀಲ. ಬೇಸಿಗೆಯಲ್ಲಿ ಸಡಿಲ ಹತ್ತಿಬಟ್ಟೆ, ಮೈಗೆ ಎಣ್ಣೆ ಬೇಡ, ಬಿಸಿಲಿಗೆ ಹೋಗುವವರಿಗೆ ಟೊಪ್ಪಿ, ಆಗುವವರಿಗೆ ಸನ್‌ಸ್ಕ್ರೀನು. ಮುಖವನ್ನು ದಿನಕ್ಕೆ ಎರಡು ಸಲ ತೊಳೆದರೆ ಸಾಕು. ಹೊಸದೇನಾದರೂ ಹಚ್ಚುವುದಿದ್ದರೆ ಮೊದಲು ಮುಂಗೈಯ ಒಳಮೈಗೆ ನಾಲ್ಕಾರು ದಿನ ಹಚ್ಚಿ ನೋಡಿ, ಆಮೇಲೆ ಮುಖಕ್ಕೆ. ಒಮ್ಮೆಗೆ ಒಂದೇ ಹೊಸದು, ಇಲ್ಲದಿದ್ದರೆ ಉರಿ ಎದ್ದಾಗ ಕಳ್ಳ ಯಾವುದೆಂದು ತಿಳಿಯದು.

ವಾರಕ್ಕೊಮ್ಮೆ ಎಣ್ಣೆಸ್ನಾನದ ಹೊತ್ತಿಗೆ ಮೈಯನ್ನು ಬೆಳಕಿನಲ್ಲಿ ಪೂರ್ತಿ ನೋಡಿಕೊಳ್ಳುವುದು ಇದಕ್ಕೆ ಸೇರಿಸಬೇಕಾದ ಕೊನೆಯ ಕೆಲಸ. ಬೆನ್ನನ್ನು ಮನೆಯವರು ನೋಡಲಿ. ಆಕಾರ, ಬಣ್ಣ ಬದಲಿಸುತ್ತಿರುವ ಮಚ್ಚೆ, ತಿಂಗಳಾದರೂ ಮಾಯದ ಹುಣ್ಣು, ಮನೆಯವರಿಗೆಲ್ಲ ರಾತ್ರಿ ಹೆಚ್ಚಾಗುವ ತುರಿಕೆ ಇದ್ದರೆ ವೈದ್ಯರ ಬಳಿ ಹೋಗಬೇಕು. ಈ ಕೊನೆಯದು ಹೆಚ್ಚಾಗಿ ಕಜ್ಜಿ, ಮನೆಯವರೆಲ್ಲ ಒಟ್ಟಿಗೆ ವೈದ್ಯರು ಹೇಳಿದಂತೆ ಪರ್ಮೆಥ್ರಿನ್ ಹಚ್ಚಿದರೆ ಹಿಡಿತಕ್ಕೆ ಬರುತ್ತದೆ. ಮಾಸಲು ಬಣ್ಣದ, ಮುಟ್ಟಿದರೆ ತಿಳಿಯದ ಕಲೆಯನ್ನು ಸಿಬ್ಬು ಎಂದು ತಳ್ಳಿಹಾಕುವವರೇ ಹೆಚ್ಚು. ಕಣ್ಣು ಮುಚ್ಚಿಸಿ ಹತ್ತಿಯ ಎಳೆ ಸೋಕಿಸಿದಾಗ ಗೊತ್ತಾಗದಿದ್ದರೆ ಅದು ಕುಷ್ಠವಿರಬಹುದು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿದರೆ ಬಹು ಔಷಧ ಚಿಕಿತ್ಸೆ ಪೂರ್ತಿ ಉಚಿತ, ರೋಗದ ಬಗೆಯನ್ನು ನೋಡಿ ಆರು ತಿಂಗಳು ಇಲ್ಲವೇ ಒಂದು ವರ್ಷ.